ಎರಕದ ಗುಂಡು, ಹಗುರ ಮದ್ದು: ಟಾರ್ಗೆಟ್ ರಿವಾಲ್ವರ್‌ನಲ್ಲಿ ದೋಷ ಹುಡುಕುವ ಕೈಪಿಡಿ

ಗ್ರೂಪ್ (ಕಾಗದದ ಮೇಲೆ ಬಿದ್ದ ರಂಧ್ರಗಳ ಗುಂಪು) ಹರಡಿತು ಅಥವಾ ಬ್ಯಾರೆಲ್ಲಿನೊಳಗೆ ಸೀಸ ಮೆತ್ತಿತು ಎಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಮದ್ದಿನ ಅಳತೆಗೆ. ಅರ್ಧ ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಅಳತೆ) ಏರಿಸಿ ನೋಡುತ್ತಾರೆ, ಕಾಲು ಗ್ರೇನ್ ಇಳಿಸಿ ನೋಡುತ್ತಾರೆ, ಆಮೇಲೆ ಬೇರೆ ಡಬ್ಬಿ ತರುತ್ತಾರೆ. ಎರಕದ ಸೀಸದ ಗುಂಡಿನ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಮದ್ದಿನಿಂದಲ್ಲ. ಗುಂಡಿನ ದಪ್ಪಕ್ಕೂ ಅದು ದಾಟಬೇಕಾದ ಸಿಲಿಂಡರಿನ, ಬ್ಯಾರೆಲ್ಲಿನ ಬಾಯಿಗಳಿಗೂ ಹೊಂದಾಣಿಕೆ ಇಲ್ಲದಿರುವುದೇ ಮೂಲ. ಹಾಗಾಗಿ ಇಲ್ಲಿನ ಹುಡುಕಾಟದ ಕ್ರಮ ಹೀಗೆ: ಮೊದಲು ಅಳತೆ, ಆಮೇಲೆ ಸೀಸದ ಗಡಸು, ಆಮೇಲೆ ಗುಂಡಿಗೆ ಜಾರಲೆಂದು ಹಚ್ಚುವ ಎಣ್ಣೆ-ಮೇಣ. ಮದ್ದು ಕೊನೆಗೆ.

ಉದಾಹರಣೆಗೆ .38 ಸ್ಪೆಷಲ್ ತೋಟಾ ಮತ್ತು 148 ಗ್ರೇನಿನ ವಾಡ್‌ಕಟರ್ ಗುಂಡನ್ನು ಇಟ್ಟುಕೊಂಡಿದ್ದೇವೆ. ಟಾರ್ಗೆಟ್ ರಿವಾಲ್ವರ್‌ನ ಹಳೆಯ ಜೋಡಿ ಇದು. ಚಪ್ಪಟೆ ಮೂತಿಯ ವಾಡ್‌ಕಟರ್ ಕಾಗದದಲ್ಲಿ ಪಂಚ್ ಹೊಡೆದಂತೆ ದುಂಡಗಿನ, ಅಂಚು ಚೂಪಾದ ರಂಧ್ರ ಮಾಡುತ್ತದೆ. ಸೆಕೆಂಡಿಗೆ 700ರಿಂದ 750 ಅಡಿ ವೇಗ ಸಾಕು. ಬೇರೆ ಕ್ಯಾಲಿಬರ್‌ಗೂ ತರ್ಕ ಇದೇ, ಅಂಕಿಗಳು ಮಾತ್ರ ಬೇರೆ.

ಮದ್ದಿನ ನಿರ್ದಿಷ್ಟ ತೂಕಗಳನ್ನು ಇಲ್ಲಿ ಕೊಟ್ಟಿಲ್ಲ, ಬೇಕೆಂದೇ. ಮದ್ದು ತಯಾರಿಸುವವರು ಆಯಾ ಗುಂಡಿನ ತೂಕ, ಆಕಾರ ಮತ್ತು ಕೂರಿಸುವ ಆಳಕ್ಕೆ ತಕ್ಕಂತೆ ಪ್ರಕಟಿಸಿದ ಪಟ್ಟಿಯೇ ಆಧಾರವಾಗಿರಬೇಕು. ಅದರಲ್ಲಿನ ಆರಂಭದ ಅಳತೆಯಿಂದಲೇ ಶುರು ಮಾಡಬೇಕು. ತೋಟಾ ಮರುತುಂಬಿಸಲು ಪರವಾನಗಿ ಬೇಕಾದ ಕಡೆ ಅದು ಕೈಯಲ್ಲಿದ್ದ ಮೇಲಷ್ಟೇ ಈ ಕೆಲಸ.

ಕೆಲಸಕ್ಕೆ ಕೂರುವ ಮುನ್ನ

ಒಂದು ಸಲಕ್ಕೆ ಒಂದೇ ಬದಲಾವಣೆ. ಗುಂಡು, ಮದ್ದು, ಕ್ರಿಂಪ್ (ತೋಟಾದ ಬಾಯನ್ನು ಗುಂಡಿನ ಸುತ್ತ ಒತ್ತುವುದು) ಮೂರನ್ನೂ ಒಟ್ಟಿಗೆ ಬದಲಿಸಿದರೆ ಗ್ರೂಪ್ ಸುಧಾರಿಸಿದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಐದು ಹೊಡೆತದ ಒಂದು ಗ್ರೂಪ್ ನೋಡಿ ತೀರ್ಪು ಕೊಡಬೇಡಿ. ಆರು ಚೇಂಬರಿನ (ಸಿಲಿಂಡರಿನಲ್ಲಿ ತೋಟಾ ಕೂರುವ ಗೂಡು) ರಿವಾಲ್ವರ್ ಎಂದರೆ ಆರು ಕೋವಿ ಇದ್ದ ಹಾಗೆ, ಪ್ರತಿ ಚೇಂಬರಿನಿಂದ ಐದರಂತೆ 30 ಹೊಡೆತವಾದರೂ ಬೇಕು. ಹೊಡೆಯುವಾಗ ಕೈಯ ತಪ್ಪು ಸೇರದಂತೆ ಮರಳಿನ ಚೀಲದ ಮೇಲೆ ಒರಗಿಸಿ ಹೊಡೆಯಿರಿ.

ಎಷ್ಟು ಚೆನ್ನಾಗಿದ್ದರೆ ಸಾಕು ಎಂಬುದಕ್ಕೂ ಒಂದು ಅಳತೆ ಬೇಕು. ಅಂತರರಾಷ್ಟ್ರೀಯ 25 ಮೀಟರ್ ನಿಖರತಾ ಗುರಿಯ ಹತ್ತರ ವೃತ್ತ 50 ಮಿಲಿಮೀಟರ್, ಒಳ ಹತ್ತು 25 ಮಿಲಿಮೀಟರ್. ಚೀಲದ ಮೇಲಿಂದ 25 ಮೀಟರಿಗೆ ಗ್ರೂಪ್ 50 ಮಿಲಿಮೀಟರ್ ದಾಟುತ್ತಿದ್ದರೆ ಹುಡುಕುವಂಥದ್ದು ಏನೋ ಇದೆ. ಅದರೊಳಗೆ ಕೂರುತ್ತಿದ್ದರೆ ಉಳಿದದ್ದು ಅಭ್ಯಾಸದ ವಿಷಯ.

ಢಂ ಎನ್ನಬೇಕಾದದ್ದು ಟುಸ್ಸೆಂದಿತು

ಮೊದಲು ಇದನ್ನೇ ಓದಿ. ಉಳಿದ ದೋಷಗಳು ಅಂಕ ಕಳೆಯುತ್ತವೆ, ಇದು ಕೈ ಕಳೆಯಬಲ್ಲದು.

ಸದ್ದು ಮಂಕಾಗಿತ್ತು, ಕೈಗೆ ಹಿಮ್ಮೆಟ್ಟು ಬಡಿಯಲಿಲ್ಲ, ಕಾಗದದ ಮೇಲೆ ರಂಧ್ರ ಕಾಣಲಿಲ್ಲ. ಇವುಗಳಲ್ಲಿ ಒಂದಾದರೂ ಆಗಿದ್ದರೆ ಗುಂಡು ಬ್ಯಾರೆಲ್ಲಿನೊಳಗೇ ಸಿಕ್ಕಿಕೊಂಡಿರಬಹುದು. ಕೇಸಿನಲ್ಲಿ (ತೋಟಾದ ಹಿತ್ತಾಳೆ ಚಿಪ್ಪಿನಲ್ಲಿ) ಮದ್ದೇ ಬೀಳದೆ ಬರೀ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ತಳದ ಪುಟ್ಟ ಬಟ್ಟಲು) ಸಿಡಿದರೂ ಅದರ ಬಲ ಗುಂಡನ್ನು ಬ್ಯಾರೆಲ್ಲಿಗೆ ನೂಕುವಷ್ಟಿರುತ್ತದೆ, ಹೊರಗೆ ಕಳಿಸುವಷ್ಟಿರುವುದಿಲ್ಲ. ಅದರ ಹಿಂದೆ ಇನ್ನೊಂದು ಗುಂಡು ಹೊಡೆದರೆ ಬ್ಯಾರೆಲ್ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ವೇಗವಾಗಿ ಹೊಡೆಯುವ ಸರಣಿಯಲ್ಲಿ ಬೆರಳು ತಾನಾಗಿ ಮುಂದಿನ ಹೊಡೆತಕ್ಕೆ ಓಡುವುದೇ ಅಪಾಯ.

ಕೋವಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಆಮೇಲೆ ಸಿಲಿಂಡರ್ ತೆರೆದು ಎಲ್ಲ ತೋಟಾಗಳನ್ನೂ ಹೊರತೆಗೆಯಿರಿ, ಎಲ್ಲ ಚೇಂಬರೂ ಖಾಲಿ ಎಂದು ಎರಡು ಸಲ ನೋಡಿ, ಬಳಿಕ ಬ್ಯಾರೆಲ್ಲಿಗೆ ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಬೆಳಕು ಆರಪಾರು ಕಾಣದಿದ್ದರೆ ಗುಂಡು ಒಳಗಿದೆ. ಸ್ವಲ್ಪ ಎಣ್ಣೆ ಬಿಟ್ಟು, ಬೋರಿಗೆ (ಬ್ಯಾರೆಲ್ಲಿನ ಒಳಕೊಳವೆಗೆ) ಹತ್ತಿರದ ದಪ್ಪದ ಹಿತ್ತಾಳೆ ಸರಳನ್ನು ಬ್ಯಾರೆಲ್ಲಿನ ಮೂತಿಯಿಂದ ಇಳಿಸಿ ಮೆಲ್ಲಗೆ ತಟ್ಟಿ ಹೊರತೆಗೆಯಬಹುದು. ಮರದ ಕಡ್ಡಿ ಬೇಡ. ಅದು ಸೀಳಿ ಗುಂಡಿನ ಪಕ್ಕಕ್ಕೆ ನುಗ್ಗಿದರೆ ಬೆಣೆ ಹೊಡೆದಂತಾಗುತ್ತದೆ.

ಗುಂಡು ಅರ್ಧ ಸಿಲಿಂಡರಿನಲ್ಲಿ, ಅರ್ಧ ಬ್ಯಾರೆಲ್ಲಿನಲ್ಲಿ ನಿಂತರೆ ಸಿಲಿಂಡರ್ ತೆರೆಯುವುದೇ ಇಲ್ಲ, ಹೊಡೆಯದೆ ಉಳಿದ ತೋಟಾಗಳು ಜೀವಂತವಾಗಿ ಒಳಗಿರುತ್ತವೆ. ಬಡಿಯಬೇಡಿ, ಎಳೆಯಬೇಡಿ. ಮೂತಿಯನ್ನು ಸುರಕ್ಷಿತ ದಿಕ್ಕಿಗೇ ಇಟ್ಟುಕೊಂಡು ರೇಂಜ್ ಅಧಿಕಾರಿಯನ್ನು ಕರೆಯಿರಿ. ಮುಂದಿನ ಕೆಲಸ ಕೋವಿ ರಿಪೇರಿಯವರದು.

ಕಾರಣ ಹುಡುಕುವುದು ತುಂಬುವ ಮೇಜಿನ ಬಳಿ. ಮದ್ದು ಬೀಳದ ಕೇಸ್ ಹೇಗೆ ಮುಂದೆ ಹೋಯಿತು? ಗುಂಡು ಕೂರಿಸುವ ಮುನ್ನ 50 ಕೇಸ್‌ಗಳನ್ನೂ ಬ್ಲಾಕಿನಲ್ಲಿ ನಿಲ್ಲಿಸಿ ಟಾರ್ಚ್ ಬಿಟ್ಟು ಪ್ರತಿಯೊಂದರೊಳಗೂ ಕಣ್ಣು ಹಾಯಿಸುವುದೇ ಇದಕ್ಕೆ ಮದ್ದು. ಹಗುರ ಅಳತೆಯ, ಬೇಗ ಉರಿಯುವ ಮದ್ದು .38ರ ಉದ್ದ ಕೇಸಿನ ತಳದಲ್ಲಿ ಚಿಟಿಕೆಯಷ್ಟು ಮಾತ್ರ ಕಾಣುತ್ತದೆ, ಎರಡು ಸಲ ಬಿದ್ದರೂ ಉಕ್ಕುವುದಿಲ್ಲ. ಆದ್ದರಿಂದ ಅದೇ ಟಾರ್ಚಿನ ನೋಟ ಖಾಲಿ ಕೇಸನ್ನೂ ಜೋಡಿ ಮದ್ದಿನ ಕೇಸನ್ನೂ ಹಿಡಿಯುತ್ತದೆ.

ಒಂದು ವಿಶೇಷ ಕಾರಣ ಟೊಳ್ಳು ತಳದ ವಾಡ್‌ಕಟರ್‌ಗೆ ಮಾತ್ರ ಸೇರಿದ್ದು. ಅದರ ತೆಳು ಅಂಚನ್ನು ತಯಾರಕರು ಹೇಳಿದ್ದಕ್ಕಿಂತ ಜೋರಾಗಿ ಹೊಡೆದರೆ ಗುಂಡಿನ ಮೂತಿ ಹಾರಿ, ಅಂಚು ಉಂಗುರದಂತೆ ಬ್ಯಾರೆಲ್ಲಿನಲ್ಲೇ ಉಳಿಯಬಹುದು. ಕಾಗದದಲ್ಲಿ ರಂಧ್ರ ಬಿದ್ದಿರುತ್ತದೆ, ಆದರೂ ಬ್ಯಾರೆಲ್ ಕಟ್ಟಿರುತ್ತದೆ. ಈ ಗುಂಡನ್ನು .357 ಮ್ಯಾಗ್ನಂ (ಇದೇ ದಪ್ಪದ ಗುಂಡಿನ, ಹೆಚ್ಚು ಬಲದ ತೋಟಾ) ಮದ್ದಿನ ಮೇಲೆ ಎಂದಿಗೂ ಕೂರಿಸಬಾರದು.

ಬ್ಯಾರೆಲ್ಲಿನಲ್ಲಿ ಸೀಸ ಮೆತ್ತುತ್ತಿದೆ

ಎಷ್ಟು ಮೆತ್ತಿದೆ ಎಂಬುದಕ್ಕಿಂತ ಎಲ್ಲಿ ಮೆತ್ತಿದೆ ಎಂಬುದು ಮುಖ್ಯ. ಹೊಡೆದ ಮೇಲೆ ಕೋವಿ ಖಾಲಿ ಮಾಡಿ, ಬ್ರಷ್ ಹಾಕುವ ಮುನ್ನವೇ ನೋಡಿ. ಮೊದಲೇ ಬ್ರಷ್ ಹಾಕಿದರೆ ಸಾಕ್ಷಿ ಅಳಿಸಿದಂತೆ.

ಹಿಂಬದಿಯಲ್ಲಿ, ಅಂದರೆ ಸಿಲಿಂಡರಿನಿಂದ ಗುಂಡು ಜಿಗಿದು ಒಳಹೊಕ್ಕುವ ಫೋರ್ಸಿಂಗ್ ಕೋನ್‌ನಲ್ಲಿ ಮತ್ತು ಅದರ ಮುಂದಿನ ಒಂದು ಇಂಚಿನಲ್ಲಿ ಮೆತ್ತಿದ್ದರೆ ಗುಂಡು ಸಣ್ಣದಾಗಿದೆ ಎಂಬುದೇ ಮೊದಲ ಅನುಮಾನ. ಸಂದಿ ಸಿಕ್ಕ ಬಿಸಿ ಅನಿಲ ಗುಂಡಿನ ಪಕ್ಕದಿಂದ ನುಸುಳಿ ಸೀಸವನ್ನು ಕೊರೆದು ಗೋಡೆಗೆ ಬಳಿಯುತ್ತದೆ. ಜನ ಇದನ್ನು ನೋಡಿ ಇನ್ನೂ ಗಡಸು ಸೀಸ ಬೇಕು ಎಂದುಕೊಳ್ಳುತ್ತಾರೆ. ಆಗ ಸ್ಥಿತಿ ಇನ್ನೂ ಕೆಡುತ್ತದೆ, ಏಕೆಂದರೆ ಹಗುರ ಮದ್ದಿನ ಒತ್ತಡಕ್ಕೆ ಗಡಸು ಗುಂಡಿನ ತಳ ಅಗಲವಾಗಿ ಸಂದಿಯನ್ನು ಮುಚ್ಚುವುದಿಲ್ಲ.

ಬ್ಯಾರೆಲ್ಲಿನ ಮೂತಿಯ ಕಡೆಯ ಕೊನೆಯ ಭಾಗದಲ್ಲಿ ಮಾತ್ರ ಮೆತ್ತಿದ್ದರೆ ದಾರಿ ಮುಗಿಯುವ ಮೊದಲೇ ಎಣ್ಣೆ-ಮೇಣ ಮುಗಿದಿದೆ. ಮೂತಿಯ ಮೇಲೆ ಕಪ್ಪು ಜಿಡ್ಡಿನ ನಕ್ಷತ್ರ ಮೂಡುತ್ತಿದೆಯೇ ನೋಡಿ. ಮೂಡಿದರೆ ಮೇಣ ಸಾಕಷ್ಟಿದೆ ಎಂದರ್ಥ. ಅಂಗಡಿಯ ಎರಕದ ಗುಂಡುಗಳಿಗೆ ಹಚ್ಚುವ ಬಣ್ಣದ ಗಟ್ಟಿ ಮೇಣ ಸಾಗಣೆಯಲ್ಲಿ ಉದುರುವುದಿಲ್ಲ, ಆದರೆ ಹಗುರ ಹೊಡೆತದಲ್ಲಿ ಕರಗುವುದೂ ಇಲ್ಲ. ಜೇನುಮೇಣ ಮತ್ತು ಅಲಾಕ್ಸ್ (ಒಂದು ಜಾರುಲೇಪ) ಸಮಪಾಲು ಬೆರೆಸಿದ ಹಳೆಯ ಮೃದು ಮೇಣ ಟಾರ್ಗೆಟ್ ವೇಗಕ್ಕೆ ಇವತ್ತಿಗೂ ಚೆನ್ನಾಗಿ ಒಗ್ಗುತ್ತದೆ.

ರೈಫ್ಲಿಂಗ್ (ಗುಂಡನ್ನು ತಿರುಗಿಸಲು ಬ್ಯಾರೆಲ್ಲಿನೊಳಗೆ ಕೊರೆದ ಸುರುಳಿ ಗೆರೆಗಳು) ಏಣುಗಳ ಒಂದೇ ಪಕ್ಕದಲ್ಲಿ ಉದ್ದಕ್ಕೂ ಗೆರೆಯಂತೆ ಮೆತ್ತಿದ್ದರೆ ಗುಂಡು ಸುತ್ತನ್ನು ಹಿಡಿಯುವ ಮುನ್ನ ಜಾರಿದೆ. ವೇಗಕ್ಕೆ ತಕ್ಕಷ್ಟು ಗಡಸಿಲ್ಲದ ಸೀಸದಲ್ಲಿ ಹೀಗಾಗುತ್ತದೆ. ಟಾರ್ಗೆಟ್ ಮದ್ದಿನಲ್ಲಿ ಇದು ಅಪರೂಪ.

ಒಂದೆರಡು ಚೇಂಬರಿನ ಮುಂಬಾಯಿಯಲ್ಲಿ ಮಾತ್ರ ಸೀಸ ಕಂಡರೆ ಆ ಚೇಂಬರುಗಳ ಅಳತೆಯೇ ಬೇರೆ ಇರಬಹುದು.

*ಖರ್ಚಿಲ್ಲದ ಪರೀಕ್ಷೆ.* ಖಾಲಿ ಮಾಡಿ ಒರೆಸಿದ ಸಿಲಿಂಡರಿನ ಪ್ರತಿ ಚೇಂಬರಿಗೂ ಹಿಂದಿನಿಂದ ಒಂದು ಬಿಡಿ ಗುಂಡು ಹಾಕಿ. ಗುಂಡು ಮುಂಬಾಯಿಯಿಂದ, ಅಂದರೆ ಥ್ರೋಟ್‌ನಿಂದ, ತಾನೇ ಬಿದ್ದುಹೋದರೆ ಸಣ್ಣದು. ಪೆನ್ಸಿಲ್ಲಿನಿಂದ ಮೆಲ್ಲಗೆ ಒತ್ತಿದಾಗ ಬಿಗಿಯಾಗಿ ಜಾರಿದರೆ ಅದೇ ಬೇಕಾದದ್ದು. ಸುತ್ತಿಗೆ ಬೇಕಾದರೆ ದಪ್ಪ. ಒಂದೇ ಗುಂಡು ಐದು ಚೇಂಬರಿನಲ್ಲಿ ಜಾರಿ ಆರನೆಯದರಲ್ಲಿ ಸಿಕ್ಕಿಕೊಂಡರೆ ಗ್ರೂಪ್ ಹರಡುವುದಕ್ಕೂ ಕಾರಣ ಅಲ್ಲೇ ಸಿಕ್ಕಂತೆ.

*ಸ್ವಲ್ಪ ಶ್ರಮದ ಪರೀಕ್ಷೆ.* ಮೆತ್ತನೆಯ ಶುದ್ಧ ಸೀಸದ ತುಂಡಿಗೆ ಎಣ್ಣೆ ಸವರಿ ಶುಚಿಯಾದ ಬ್ಯಾರೆಲ್ಲಿನಲ್ಲಿ ತಳ್ಳಿ ಹೊರತೆಗೆಯಿರಿ, ಮೈಕ್ರೋಮೀಟರಿನಿಂದ ಅಳೆಯಿರಿ. ಸಾಮಾನ್ಯ ಕ್ಯಾಲಿಪರ್ ಈ ಕೆಲಸಕ್ಕೆ ಸಾಲದು, ಇಲ್ಲಿ ಒಂದು ಇಂಚಿನ ಸಾವಿರದಲ್ಲೊಂದು ಪಾಲೂ ಲೆಕ್ಕಕ್ಕೆ ಬರುತ್ತದೆ. ಸ್ಮಿತ್ ಆಂಡ್ ವೆಸನ್ ಕಂಪನಿಯ ಬ್ಯಾರೆಲ್‌ಗಳಲ್ಲಿ ಸಾಮಾನ್ಯವಾಗಿ ಐದು ಗಾಡಿಗಳು (ಏಣುಗಳ ನಡುವಿನ ತಗ್ಗು ಗೆರೆಗಳು) ಇರುತ್ತವೆ. ಗಾಡಿಯ ಎದುರಿಗೆ ಏಣು ಬರುವುದರಿಂದ ಸಾದಾ ಮೈಕ್ರೋಮೀಟರ್ ನಿಜವಾದ ವ್ಯಾಸ ತೋರಿಸುವುದಿಲ್ಲ. ಅಂಥ ಕಡೆ ಥ್ರೋಟ್‌ಗಳನ್ನೇ ಗೇಜಿನಂತೆ ಬಳಸಿ: ಬ್ಯಾರೆಲ್ಲಿನಿಂದ ಬಂದ ತುಂಡು ಥ್ರೋಟ್‌ನೊಳಗೆ ಜಾರಬೇಕು. ಜಾರದಿದ್ದರೆ ಥ್ರೋಟ್ ಬ್ಯಾರೆಲ್ಲಿಗಿಂತ ಕಿರಿದು. ಎಷ್ಟೇ ದಪ್ಪ ಗುಂಡು ಹಾಕಿದರೂ ಅಲ್ಲಿ ಹಿಂಡಿ ಸಣ್ಣದಾಗಿಯೇ ಹೊರಬರುತ್ತದೆ. ಥ್ರೋಟ್ ರೀಮ್ ಮಾಡಿಸುವುದೊಂದೇ (ಕೊರೆದು ಅಗಲಿಸುವುದೊಂದೇ) ದಾರಿ, ಅದು ನುರಿತವರ ಕೆಲಸ.

.38 ಮತ್ತು .357ರಲ್ಲಿ ಗಾಡಿಯ ವ್ಯಾಸ ಸಾಮಾನ್ಯವಾಗಿ 0.357 ಇಂಚು, ಗುಂಡು 0.358. ಥ್ರೋಟ್ 0.3575ರಿಂದ 0.3585ರೊಳಗೆ ಇದ್ದು ಆರೂ ಒಂದೇ ಸಮ ಇದ್ದರೆ ಚೆನ್ನ. ಇದಿಷ್ಟು ಕೂಡಿಬಂದರೆ ಸೀಸದ ತೊಂದರೆಯಲ್ಲಿ ಹೆಚ್ಚಿನದು ತಾನಾಗಿ ಕರಗುತ್ತದೆ.

ಅಳತೆಯೆಲ್ಲ ಸರಿ ಇದ್ದೂ ಸಣ್ಣ ಗುಂಡಿನ ಲಕ್ಷಣವೇ ಕಂಡರೆ ಸಿದ್ಧವಾದ ಒಂದು ತೋಟಾದಿಂದ ಗುಂಡು ಕಿತ್ತು ಅಳೆಯಿರಿ. 0.358 ಹಾಕಿದ್ದು 0.356 ಆಗಿ ಹೊರಬಂದರೆ ಕೇಸೇ ಅದನ್ನು ಹಿಂಡಿದೆ. ಕೇಸಿನ ಬಾಯನ್ನು ಅಗಲಿಸುವ ಎಕ್ಸ್‌ಪಾಂಡರ್ ತಾಮ್ರದ ಹೊದಿಕೆಯ ಗುಂಡಿನ ಅಳತೆಯದ್ದಾಗಿರಬಹುದು. ಇಲ್ಲವೇ ಕೊನೆಯಲ್ಲಿ ಕಾರ್ಬೈಡ್ ಉಂಗುರದ ಕ್ರಿಂಪ್ ಡೈ ಇಡೀ ತೋಟಾವನ್ನು ಒತ್ತುತ್ತಿರಬಹುದು. ಈ ಡೈ ಸೀಸದ ಗುಂಡಿಗೆ ಒಳ್ಳೆಯದಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ವಾಡ್‌ಕಟರ್ ಕೇಸಿನೊಳಗೆ ಆಳಕ್ಕೆ ಇಳಿಯುತ್ತದೆ, ಅಲ್ಲಿ ಕೇಸಿನ ಗೋಡೆಯೂ ದಪ್ಪ, ಆದ್ದರಿಂದ ಏಟು ಹೆಚ್ಚು ತಿನ್ನುವುದು ಅದೇ.

ಬ್ಯಾರೆಲ್ ಫ್ರೇಮಿಗೆ (ಕೋವಿಯ ಮೈಗೆ) ತಿರುಗಿಸಿ ಕೂರಿಸಿದ ಜಾಗದಲ್ಲಿ ಕೆಲವೊಮ್ಮೆ ಬೋರ್ ಹಿಂಡಿದಂತೆ ಕಿರಿದಾಗಿರುತ್ತದೆ. ಸೀಸದ ತುಂಡನ್ನು ಮೂತಿಯಿಂದ ಹಿಂದಕ್ಕೆ ತಳ್ಳುವಾಗ ಎಲ್ಲ ಕಡೆ ಒಂದೇ ಸಮನಾಗಿ ಜಾರಿ, ಫ್ರೇಮಿನ ಹತ್ತಿರ ಮಾತ್ರ ಬಿಗಿಯಾದರೆ ಇದೇ. ರಿಪೇರಿಯವರಲ್ಲಿಗೆ ಒಯ್ಯಿರಿ.

*ಮೆತ್ತಿದ ಸೀಸ ತೆಗೆಯುವುದು.* ಹಳೆಯ ಕಂಚಿನ ಬ್ರಷ್‌ಗೆ ಶುದ್ಧ ತಾಮ್ರದ ಪಾತ್ರೆ ಉಜ್ಜುವ ನಾರನ್ನು ಸುತ್ತಿ ಉಜ್ಜಿದರೆ ಸಾಕು. ಅಯಸ್ಕಾಂತಕ್ಕೆ ಅಂಟುವ ನಾರು ತಾಮ್ರ ಲೇಪಿಸಿದ ಉಕ್ಕು, ಅದು ಬೇಡ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸುರಿಯುವ ಉಪಾಯವನ್ನು ದಯವಿಟ್ಟು ಮಾಡಬೇಡಿ. ಅದು ಸೀಸವನ್ನು ನೀರಿನಲ್ಲಿ ಕರಗುವ ವಿಷಕಾರಿ ಲವಣವಾಗಿಸುತ್ತದೆ, ಚರ್ಮಕ್ಕೂ ಚರಂಡಿಗೂ ಕೇಡು. ಕೊನೆಯಲ್ಲಿ ನಾಲ್ಕು ತಾಮ್ರ ಹೊದಿಕೆಯ ಗುಂಡು ಹೊಡೆದು ಸೀಸ ನೂಕುವ ರೂಢಿಯೂ ಕೆಟ್ಟದ್ದೇ, ಕಿರಿದಾದ ಬೋರಿನಲ್ಲಿ ಒತ್ತಡ ಏರುತ್ತದೆ.

ಗ್ರೂಪ್ ಹರಡಿದೆ, ಕಾರಣ ತಿಳಿಯದು

ಸೈಟಿನ ತಿರುಪು, ಹಿಡಿಯ ತಿರುಪು, ಫ್ರೇಮಿನ ತಿರುಪು ಮೂರನ್ನೂ ಮೊದಲು ಬಿಗಿ ಮಾಡಿ ನೋಡಿ. ಆಮೇಲೆ ಚೇಂಬರುಗಳಿಗೆ ಮಾರ್ಕರಿನಿಂದ ಅಂಕಿ ಹಾಕಿ, ಪ್ರತಿ ಚೇಂಬರಿನ ಐದು ಗುಂಡನ್ನು ಬೇರೆ ಬೇರೆ ಕಾಗದಕ್ಕೆ ಹೊಡೆಯಿರಿ. ಐದು ಚೇಂಬರಿನದು ಒಟ್ಟಿಗೆ ಕೂತು ಒಂದರದು ಮಾತ್ರ ಪಕ್ಕಕ್ಕೆ ಹೋದರೆ ದೋಷ ಕೋವಿಯದು. ಪಂದ್ಯದಲ್ಲಿ ಆರು ಚೇಂಬರಿನಲ್ಲಿ ಐದನ್ನೇ ಬಳಸುವ ನಿಯಮವಿದ್ದರೆ ಆ ಒಂದನ್ನು ಖಾಲಿ ಬಿಡುವುದೇ ಸುಲಭ ಪರಿಹಾರ.

ಎಲ್ಲ ಚೇಂಬರಿನದೂ ಹರಡಿದ್ದರೆ ಹರಡಿದ ಆಕಾರ ನೋಡಿ.

ಮೇಲೆ-ಕೆಳಗೆ ಉದ್ದವಾಗಿದ್ದರೆ ವೇಗ ಹೊಡೆತದಿಂದ ಹೊಡೆತಕ್ಕೆ ಏರಿಳಿಯುತ್ತಿದೆ. .38ರ ಕೇಸ್ ಮೊದಲು ಕಪ್ಪು ಮದ್ದಿನ ಕಾಲಕ್ಕೆ ಆದದ್ದು, ಇಂದಿನ ಚಿಟಿಕೆ ಮದ್ದಿಗೆ ಒಳಗೆ ಜಾಗ ಬಹಳ. ಮದ್ದು ಪ್ರೈಮರಿನ ಹತ್ತಿರ ಬಿದ್ದಿದ್ದರೆ ಒಂದು ವೇಗ, ಗುಂಡಿನ ಹತ್ತಿರ ಬಿದ್ದಿದ್ದರೆ ಇನ್ನೊಂದು. ಪರೀಕ್ಷೆ ಸರಳ, ವೇಗಮಾಪಕ ಇರಬೇಕಷ್ಟೇ. ಐದು ಹೊಡೆತವನ್ನು ಮೂತಿ ಗುರಿಯ ದಿಕ್ಕಿನಲ್ಲೇ ಮೇಲಕ್ಕೆತ್ತಿ ನಿಧಾನಕ್ಕೆ ಇಳಿಸಿ ಹೊಡೆಯಿರಿ, ಇನ್ನೈದನ್ನು ಮೂತಿ ಕೆಳಗಿಳಿಸಿ ನಿಧಾನಕ್ಕೆ ಎತ್ತಿ ಹೊಡೆಯಿರಿ. ಎರಡು ಸರಾಸರಿಗಳ ನಡುವೆ ದೊಡ್ಡ ಅಂತರ ಬಂದರೆ ಮದ್ದು ಕೇಸಿಗೆ ಒಗ್ಗುತ್ತಿಲ್ಲ. ಕೇಸನ್ನು ಹೆಚ್ಚು ತುಂಬುವ, ಉಬ್ಬಿದ ಕಣದ ಮದ್ದಿಗೆ ಬದಲಿಸಿ, ಅದರ ಪಟ್ಟಿಯ ಆರಂಭದ ಅಳತೆಯಿಂದ ಶುರು ಮಾಡಿ. ವಾಡ್‌ಕಟರ್‌ನ ಒಂದು ಲಾಭವೂ ಇಲ್ಲೇ ಇದೆ: ಆಳಕ್ಕೆ ಕೂರುವುದರಿಂದ ಖಾಲಿ ಜಾಗ ಕಡಿಮೆಯಾಗುತ್ತದೆ.

ಸುತ್ತಲೂ ಹರಡಿದ್ದು, ನಡುನಡುವೆ ಒಂದು ದೂರ ಹಾರುತ್ತಿದ್ದರೆ ಎರಕ ನೋಡಿ. ಗುಂಡಿನ ಮೂತಿಯ ಸುಕ್ಕು ಗುರಿಗೆ ಅಷ್ಟು ಕೆಡುಕಲ್ಲ, ಆದರೆ ತಳದ ಅಂಚು ಎಲ್ಲಾದರೂ ದುಂಡಾಗಿದ್ದರೆ ಆ ಗುಂಡನ್ನು ಕರಗುವ ಪಾತ್ರೆಗೇ ವಾಪಸ್ ಹಾಕಿ. ಬ್ಯಾರೆಲ್ಲಿನ ಮೂತಿ ದಾಟುವ ಕ್ಷಣದಲ್ಲಿ ಅನಿಲ ತಳ್ಳುವುದು ತಳವನ್ನೇ, ಅದು ಓರೆಯಾದರೆ ಗುಂಡೂ ಓರೆ. 148 ಗ್ರೇನಿನ ಗುಂಡುಗಳನ್ನು ತೂಗಿ, ಗುಂಪಿನಿಂದ ಒಂದು ಗ್ರೇನ್‌ಗಿಂತ ಹೆಚ್ಚು ಹಗುರವಾದವನ್ನು ತೆಗೆದಿಡಿ. ಒಳಗೆ ಗುಳ್ಳೆ ಇರುತ್ತದೆ.

ಸುಕ್ಕು ಅಚ್ಚು ತಣ್ಣಗಿರುವುದನ್ನೋ ಎಣ್ಣೆ ಉಳಿದಿರುವುದನ್ನೋ ಹೇಳುತ್ತದೆ. ಬೂದಿ ಬಳಿದಂಥ ಮೈ ಅಚ್ಚು ತುಂಬಾ ಕಾದಿದೆ ಎನ್ನುತ್ತದೆ, ಅಳತೆ ಸರಿಯಿದ್ದರೆ ಅದನ್ನು ಹೊಡೆಯಬಹುದು. ಅಂಚು ಮೂಡದಿದ್ದರೆ ನೂರಕ್ಕೆ ಎರಡು ಪಾಲಿನವರೆಗೆ ತವರ ಸೇರಿಸಿದರೆ ತುಂಬುವಿಕೆ ಸುಧಾರಿಸುತ್ತದೆ, ಅದಕ್ಕಿಂತ ಹೆಚ್ಚು ದಂಡ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತು 419ರ ಮೇಲೆ. ವಾಹನದ ಚಕ್ರದ ಸಮತೋಲಕ್ಕೆ ಹಾಕುವ ಹಳೆಯ ತೂಕದ ತುಂಡುಗಳನ್ನು ಕರಗಿಸುವಾಗ 400 ದಾಟಿಸದಿದ್ದರೆ ಸತುವಿನವು ಕರಗದೆ ತೇಲುತ್ತವೆ, ಚಮಚದಿಂದ ತೆಗೆಯಬಹುದು. ಸತು ಬೆರೆತ ಸೀಸ ಗಂಜಿಯಂತಾಗಿ ಅಚ್ಚು ತುಂಬುವುದೇ ಇಲ್ಲ.

ರಂಧ್ರ ಉದ್ದುದ್ದ ಬೀಳುತ್ತಿದೆ

ಗುಂಡು ಅಡ್ಡಾಗಿ ಉರುಳುತ್ತಾ ಹೋಗಿದೆ. ಬ್ಯಾರೆಲ್ ಸೀಸದಿಂದ ತುಂಬಿದೆಯೇ ಮೊದಲು ನೋಡಿ, ತುಂಬಿದ್ದರೆ ರೈಫ್ಲಿಂಗ್ ಇದ್ದೂ ಇಲ್ಲದಂತೆ. ಶುಚಿ ಮಾಡಿದ ಮೇಲೂ ಮೊದಲ ಆರರಲ್ಲೇ ಉರುಳಿದರೆ ಗುಂಡು ಸಣ್ಣದು, ಮೇಲಿನ ಪೆನ್ಸಿಲ್ ಪರೀಕ್ಷೆಗೆ ಮರಳಿ. ದೂರ ಹೆಚ್ಚಾದಾಗ ಮಾತ್ರ ಉರುಳಿದರೆ ಸುತ್ತು ಸಾಲದಿರಬಹುದು. ಸ್ಮಿತ್ ಆಂಡ್ ವೆಸನ್‌ನಲ್ಲಿ 18¾ ಇಂಚಿಗೆ ಒಂದು ಸುತ್ತು, ಕೋಲ್ಟ್ ಪೈಥಾನ್‌ನಲ್ಲಿ 14 ಇಂಚಿಗೆ ಒಂದು. ನಿಧಾನ ವೇಗದ ವಾಡ್‌ಕಟರನ್ನು 50 ಗಜದಾಚೆ ನಂಬುವಂತಿಲ್ಲ. ಮೂತಿಯ ಅಂಚಿನಲ್ಲಿ ಗೀರೋ ತಗ್ಗೋ ಇದ್ದರೆ ಬೆರಳುಗುರಿನಿಂದ ಸವರಿದಾಗ ತಿಳಿಯುತ್ತದೆ. ಅದನ್ನು ಕೈಯಲ್ಲಿ ಉಜ್ಜಿ ಸರಿಮಾಡಲು ಹೋಗಬೇಡಿ.

ಕೇಸ್ ಮಸಿ, ಸುಡದ ಮದ್ದಿನ ಕಣಗಳು

ಒಂದು ಪಕ್ಕದಲ್ಲಿ ಉದ್ದಕ್ಕೆ ಮಸಿ ಹಿಡಿದ ಕೇಸ್ ಒತ್ತಡ ಕಡಿಮೆ ಎನ್ನುತ್ತಿದೆ. ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟುವಷ್ಟು ಬಲ ಸಿಗದೆ ಹೊಗೆ ಹಿಂದಕ್ಕೆ ನುಸುಳಿದೆ. ಹಗುರ ಮದ್ದಿನಲ್ಲಿ ಸ್ವಲ್ಪ ಮಸಿ ಸಹಜ, ಅದೊಂದಕ್ಕೇ ಹೆದರಬೇಕಾಗಿಲ್ಲ. ಕಣಗಳೂ ಉಳಿಯುತ್ತಿದ್ದರೆ ಮೊದಲು ಕ್ರಿಂಪ್ ಹೆಚ್ಚಿಸಿ. ಗುಂಡು ಕೇಸನ್ನು ಬೇಗ ಬಿಟ್ಟರೆ ಮದ್ದು ಉರಿಯುವ ಮುನ್ನವೇ ಒತ್ತಡ ಸೋರಿಹೋಗುತ್ತದೆ. ಅದೂ ಫಲಿಸದಿದ್ದರೆ ಬೇಗ ಉರಿಯುವ ಮದ್ದು ಬೇಕು. ಬುಲ್ಸ್‌ಐ, ಎಚ್‌ಪಿ-38 ಈ ವರ್ಗದವು.

ಇಲ್ಲೊಂದು ಎಚ್ಚರಿಕೆ. ಎಚ್110 ಅಥವಾ ಡಬ್ಲ್ಯೂ296ರಂಥ ನಿಧಾನ ಮ್ಯಾಗ್ನಂ ಮದ್ದನ್ನು ಟಾರ್ಗೆಟ್‌ಗೆಂದು ಅರ್ಧಕ್ಕೆ ಇಳಿಸಬಾರದು. ಪಟ್ಟಿಗಿಂತ ಕಡಿಮೆ ಮಾಡಿದರೆ ಸರಿಯಾಗಿ ಹೊತ್ತದೆ ಗುಂಡು ಬ್ಯಾರೆಲ್ಲಿನಲ್ಲೇ ನಿಲ್ಲಬಹುದು. ಕಡಿಮೆ ಮದ್ದು ಎಂದರೆ ಯಾವಾಗಲೂ ಸುರಕ್ಷಿತ ಎಂಬ ನಂಬಿಕೆ ಇಲ್ಲಿ ಪೂರ್ತಿ ಸುಳ್ಳು.

ಸುಡದ ಒಂದು ಕಣ ಎಕ್ಸ್‌ಟ್ರಾಕ್ಟರಿನ ನಕ್ಷತ್ರದ (ಕೇಸ್‌ಗಳನ್ನು ಹೊರತಳ್ಳುವ ನಕ್ಷತ್ರಾಕಾರದ ಭಾಗದ) ಕೆಳಗೆ ಕೂತರೂ ಸಿಲಿಂಡರ್ ತಿರುಗುವುದು ಬಿಗಿಯಾಗುತ್ತದೆ. ಖಾಲಿ ಕೇಸ್ ಬೀಳಿಸುವಾಗ ಮೂತಿಯನ್ನು ನೇರ ಮೇಲಕ್ಕೆತ್ತಿ ಎಜೆಕ್ಟರ್ ರಾಡನ್ನು (ಆ ನಕ್ಷತ್ರವನ್ನು ನೂಕುವ ಸರಳನ್ನು) ಒಮ್ಮೆಗೆ ಬಲವಾಗಿ ಒತ್ತಿದರೆ ಕಣಗಳು ಕೇಸ್‌ಗಳ ಜೊತೆಯೇ ಬೀಳುತ್ತವೆ.

ಕೇಸ್ ಹೊರಬರುವುದು ಬಿಗಿ, ಪ್ರೈಮರ್ ಚಪ್ಪಟೆ

ನಿಲ್ಲಿಸಿ. ಉಳಿದ ತೋಟಾಗಳನ್ನು ಹೊಡೆಯಬೇಡಿ.

ಟಾರ್ಗೆಟ್ ಮದ್ದಿನ ಕೇಸ್ ಬೆರಳಿನಿಂದ ಒತ್ತಿದರೂ ಜಾರಿ ಬೀಳಬೇಕು. ರಾಡನ್ನು ಅಂಗೈಯಿಂದ ಬಡಿಯಬೇಕಾದರೆ ಎರಡರಲ್ಲೊಂದು ಆಗಿದೆ. .357 ಚೇಂಬರಿನಲ್ಲಿ .38 ಕೇಸ್‌ಗಳನ್ನೇ ಬಹಳ ಕಾಲ ಹೊಡೆದಿದ್ದರೆ .38ರ 1.155 ಇಂಚಿನ ಬಾಯಿಯ ಮುಂದೆ ಮಸಿ ಮತ್ತು ಸೀಸದ ಉಂಗುರ ಕಟ್ಟಿರುತ್ತದೆ. ಆಮೇಲೆ 1.290 ಇಂಚಿನ ಕೇಸಿರುವ .357 ತೋಟಾ ಅದರೊಳಗೆ ಸಿಕ್ಕಿಕೊಳ್ಳುತ್ತದೆ, ಬಾಯಿ ತೆರೆಯಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಚೇಂಬರ್ ಬ್ರಷ್ ಹಾಕಿದರೆ ಇದು ಮುಗಿಯಿತು. ಉಂಗುರ ಇಲ್ಲವೆಂದಾದರೆ ಒತ್ತಡವೇ ಹೆಚ್ಚಿದೆ ಎಂದು ತಿಳಿಯಬೇಕು.

.38 ಸ್ಪೆಷಲ್‌ನ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, .357ರದು 35,000. .357ರ ಕೋವಿ .38ರ ತಪ್ಪನ್ನು ನುಂಗಿಕೊಳ್ಳುತ್ತದೆ, ಹಳೆಯ .38 ನುಂಗುವುದಿಲ್ಲ. ತಕ್ಕಡಿಯನ್ನು ತೂಕದ ಬಟ್ಟಿನಿಂದ ಪರೀಕ್ಷಿಸಿ. ಉಳಿದ ತೋಟಾಗಳಲ್ಲಿ ನಾಲ್ಕನ್ನು ಬಿಚ್ಚಿ ಮದ್ದು ತೂಗಿ. ಪಟ್ಟಿಯ ಗುಂಡು ಉದ್ದ ಮೂತಿಯದ್ದಾಗಿದ್ದು ನೀವು ಕೂರಿಸಿದ್ದು ಕೇಸಿನ ಬಾಯಿಗೆ ಸಮನಾದ ವಾಡ್‌ಕಟರ್ ಆಗಿದ್ದರೆ ತಪ್ಪು ಅಲ್ಲೇ. ಗುಂಡು ಆಳಕ್ಕಿಳಿದಷ್ಟೂ ಮದ್ದಿಗೆ ಉಳಿಯುವ ಜಾಗ ಕುಗ್ಗಿ ಒತ್ತಡ ಜಿಗಿಯುತ್ತದೆ. ಪ್ರೈಮರ್ ಬ್ರಾಂಡ್ ಬದಲಿಸಿದ್ದರೂ ಆರಂಭದ ಅಳತೆಗೆ ಇಳಿದು ಮತ್ತೆ ಏರಬೇಕು. ಕಾರಣ ಸಿಗದಿದ್ದರೆ ಇಡೀ ಕಂತನ್ನು ಬಿಚ್ಚಿಹಾಕಿ.

ಚಪ್ಪಟೆ ಪ್ರೈಮರ್ ಒಂದನ್ನೇ ನೋಡಿ ಒತ್ತಡ ಹೇಳಲಾಗದು. ಪ್ರೈಮರ್ ಕೇಸಿನ ತಳದಿಂದ ಹೊರಗೆ ಚಾಚಿದ್ದು ಸಿಲಿಂಡರ್ ಉಜ್ಜುತ್ತಿದ್ದರೆ ಅದು ಹೆಚ್ಚಾಗಿ ಅತಿ ಹಗುರ ಮದ್ದಿನ ಲಕ್ಷಣ. ಪ್ರೈಮರ್ ಹಿಂದಕ್ಕೆ ಸರಿದಿದೆ, ಕೇಸನ್ನು ಹಿಂದಕ್ಕೆ ಒತ್ತಿ ಅದನ್ನು ಮತ್ತೆ ಒಳಗೆ ಕೂರಿಸುವಷ್ಟು ಒತ್ತಡ ಬಂದಿಲ್ಲ.

ಸಿಲಿಂಡರ್ ತಿರುಗುವುದು ಬಿಗಿ

ನಕ್ಷತ್ರದ ಕೆಳಗಿನ ಕೊಳೆ, ಪೂರ್ತಿ ಕೂರದ ಪ್ರೈಮರ್, ಸಡಿಲಾದ ಎಜೆಕ್ಟರ್ ರಾಡ್, ಸಿಲಿಂಡರಿನ ಮುಖದ ಮೇಲಿನ ಸೀಸ. ಈ ಕ್ರಮದಲ್ಲಿ ನೋಡಿ. ಪ್ರೈಮರ್ ಕೇಸಿನ ತಳಕ್ಕಿಂತ 0.002ರಿಂದ 0.004 ಇಂಚು ಒಳಗಿರಬೇಕು, ಬೆರಳು ಸವರಿದರೆ ತಗ್ಗು ತಿಳಿಯಬೇಕು. ಸಿಲಿಂಡರ್ ಮತ್ತು ಬ್ಯಾರೆಲ್ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. 0.004ರಿಂದ 0.008 ಇಂಚು ಚೆನ್ನ, 0.012 ಮೀರಿದರೆ ರಿಪೇರಿಯವರಿಗೆ ತೋರಿಸಿ.

ಪಕ್ಕದವರಿಗೆ ಸೀಸದ ಚೂರು ಸಿಡಿಯುತ್ತಿದೆ

ಸಂದಿಯಿಂದ ಸೀಸ ಉಗುಳಿದರೆ ಗುಂಡು ಬ್ಯಾರೆಲ್ಲಿಗೆ ನೇರ ಹೋಗುತ್ತಿಲ್ಲ. ಕೋವಿ ಖಾಲಿ ಮಾಡಿ, ಮತ್ತೊಮ್ಮೆ ಖಾಲಿ ನೋಡಿ, ಸಿಲಿಂಡರನ್ನು ಬೆರಳಿನಿಂದ ಮೆಲ್ಲಗೆ ತಡೆದು ಹಿಡಿದುಕೊಂಡೇ ಕುದುರೆಯನ್ನು (ಪ್ರೈಮರಿಗೆ ಏಟು ಕೊಡುವ ಹ್ಯಾಮರನ್ನು) ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಕುದುರೆ ಪೂರ್ತಿ ಹಿಂದೆ ನಿಂತಾಗ ಸಿಲಿಂಡರ್ ಲಾಕ್ ಆಗಿರಬೇಕು. ಆರರಲ್ಲಿ ಒಂದು ಚೇಂಬರಿನಲ್ಲಾದರೂ ಲಾಕ್ ಆಗದೆ ನಿಂತರೆ ಟೈಮಿಂಗ್ ತಪ್ಪಿದೆ. ಹೊಡೆಯುವುದು ನಿಲ್ಲಿಸಿ, ರಿಪೇರಿ ಮಾಡಿಸಿ. ಅಲ್ಲಿಯವರೆಗೆ ಪಕ್ಕದಲ್ಲಿ ಯಾರನ್ನೂ ನಿಲ್ಲಿಸಬಾರದು. ಕನ್ನಡಕವಂತೂ ನಿಮಗೂ ಅವರಿಗೂ ಯಾವತ್ತೂ ಕಡ್ಡಾಯ.

ಕುದುರೆ ಬಿತ್ತು, ಹೊತ್ತಲಿಲ್ಲ

30 ಸೆಕೆಂಡ್ ಕಾದು ತೆಗೆಯಿರಿ. ಪ್ರೈಮರಿನ ಮೇಲೆ ಏಟಿನ ಗುರುತು ಆಳವಾಗಿದ್ದರೆ ಪ್ರೈಮರಿಗೆ ಎಣ್ಣೆ ತಾಗಿರಬಹುದು. ಗುರುತು ತೆಳುವಾಗಿದ್ದು ಎರಡನೇ ಏಟಿಗೆ ಹೊತ್ತಿದರೆ ಮೊದಲ ಏಟು ಪೂರ್ತಿ ಕೂರದ ಪ್ರೈಮರನ್ನು ಒಳಗೆ ತಳ್ಳಿದೆ, ಅಷ್ಟೇ. ಎಲ್ಲ ತೋಟಾಗಳಲ್ಲೂ ಗುರುತು ತೆಳುವಾದರೆ ಹಿಡಿಯ ಮುಂಭಾಗದ ಸ್ಪ್ರಿಂಗ್ ತಿರುಪನ್ನು ನೋಡಿ. ಟ್ರಿಗರ್ ಹಗುರಾಗಲಿ ಎಂದು ಯಾರೋ ಅದನ್ನು ಸಡಿಲಿಸಿರುತ್ತಾರೆ. ಅದನ್ನು ಪೂರ್ತಿ ಬಿಗಿ ಮಾಡಿ. ಅಂತರರಾಷ್ಟ್ರೀಯ ಸೆಂಟರ್‌ಫೈರ್ ಪಂದ್ಯದಲ್ಲಿ ಟ್ರಿಗರ್ ಹೇಗೂ 1000 ಗ್ರಾಂಗಿಂತ ಕಡಿಮೆ ಇರುವಂತಿಲ್ಲ.

ಸೀಸ ಎಷ್ಟು ಗಡಸಿರಬೇಕು

ಮೇಲಿನ ದೋಷಗಳಲ್ಲಿ ಹಲವು ತಪ್ಪು ಗಡಸಿನ ಗುಂಡು ಕೊಂಡದ್ದರಿಂದ ಶುರುವಾಗುತ್ತವೆ. ಶುದ್ಧ ಸೀಸದ ಗಡಸು ಬ್ರಿನೆಲ್ ಅಳತೆಯಲ್ಲಿ 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿದರೆ ಸುಮಾರು 10, ಹಳೆಯ ಚಕ್ರ ತೂಕದ ಸೀಸ ಸುಮಾರು 12, ಅಚ್ಚುಮೊಳೆಯ ಲೈನೋಟೈಪ್ 22. ಟಾರ್ಗೆಟ್ ವಾಡ್‌ಕಟರ್‌ಗೆ 8ರಿಂದ 12 ಸಾಕು. ಅಂಗಡಿಯಲ್ಲಿ ಗಡಸು ಎಂದು ಹೊಗಳಿ ಮಾರುವ ಗುಂಡು ಮ್ಯಾಗ್ನಂ ಮದ್ದಿಗೆ ಆದದ್ದು. ಅದನ್ನೇ ಬಳಸಬೇಕಾಗಿದ್ದರೆ ಥ್ರೋಟ್‌ಗೆ ಸರಿಯಾದ ದಪ್ಪದ್ದನ್ನು ಮಾತ್ರ ಕೊಳ್ಳಿ, ತಳ ಅಗಲವಾಗಿ ಸಂದಿ ಮುಚ್ಚೀತೆಂದು ನಂಬಬೇಡಿ. ಆಂಟಿಮನಿ ಬೆರೆತ ಸೀಸ ಎರೆದ ಮೇಲೂ ದಿನಗಟ್ಟಲೆ ಗಡಸಾಗುತ್ತಾ ಹೋಗುವುದರಿಂದ ಸೈಜಿಂಗ್ (ಗುಂಡನ್ನು ಒತ್ತಿ ಸರಿ ವ್ಯಾಸಕ್ಕೆ ತರುವ) ಕೆಲಸವನ್ನು ಎರೆದ ದಿನವೋ ಮರುದಿನವೋ ಮುಗಿಸಿ. ಪೌಡರ್ ಕೋಟಿಂಗ್ (ಪುಡಿ ಬಳಿದು ಬೇಯಿಸುವ ಲೇಪ) ಹಾಕಿದರೆ ವ್ಯಾಸ ಒಂದೆರಡು ಸಾವಿರಾಂಶ ಇಂಚು ಏರುತ್ತದೆ, ಬೇಯಿಸಿ ಆರಿದ ಮೇಲೆ ಮತ್ತೆ ಸೈಜ್ ಮಾಡಬೇಕು.

ಕರಗಿದ ಸೀಸದ ಹತ್ತಿರ ಒಂದು ಹನಿ ನೀರೂ ಬರಬಾರದು. ಹಸಿ ತುಂಡು ಪಾತ್ರೆಗೆ ಬಿದ್ದರೆ ನೀರು ಒಮ್ಮೆಗೇ ಆವಿಯಾಗಿ ಸೀಸ ಮುಖಕ್ಕೆ ಸಿಡಿಯುತ್ತದೆ. ಗಾಳಿಯಾಡುವ ಜಾಗ, ಮುಖ ಮುಚ್ಚುವ ಪಾರದರ್ಶಕ ಗವಸು, ಚರ್ಮದ ಕೈಗವಸು, ಉದ್ದ ತೋಳಿನ ಹತ್ತಿ ಅಂಗಿ ಇಲ್ಲದೆ ಒಲೆ ಹಚ್ಚಬೇಡಿ. ಅಡುಗೆಯ ಪಾತ್ರೆಯನ್ನು ಒಮ್ಮೆ ಸೀಸಕ್ಕೆ ಬಳಸಿದರೆ ಅದು ಮತ್ತೆ ಅಡುಗೆಮನೆಗೆ ಹೋಗಬಾರದು. ಕೇಸ್ ಉಜ್ಜುವ ಯಂತ್ರದ ಧೂಳಿನಲ್ಲೂ ಪ್ರೈಮರಿನ ಸೀಸ ಇರುತ್ತದೆ, ಅದನ್ನು ಮಕ್ಕಳು ಓಡಾಡುವ ಜಾಗದಲ್ಲಿ ಜರಡಿ ಹಿಡಿಯಬೇಡಿ. ಕೆಲಸ ಮುಗಿದ ಮೇಲೆ ತಣ್ಣೀರು ಮತ್ತು ಸಾಬೂನಿನಿಂದ ಕೈ ತೊಳೆದ ಬಳಿಕವೇ ಊಟ. ನಿಯಮಿತವಾಗಿ ಎರೆಯುವವರು, ಒಳಾಂಗಣ ರೇಂಜಿನಲ್ಲಿ ವಾರಕ್ಕೆ ಹಲವು ದಿನ ಹೊಡೆಯುವವರು ವರ್ಷಕ್ಕೊಮ್ಮೆ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿಕೊಳ್ಳಿ.